ಎತ್ತೋ ಗಾಡಿನ ಎತ್ತೋರ್ಯಾರು?

ಇವತ್ತು ಬೆಳಗ್ಗೆಯೂ ನನ್ನ ಫೋರ್ಕ್‌ಲಿಫ್ಟ್, ಅದೇ ಮುಂದೆ ಎರಡು ಕಬ್ಬಿಣದ ಫೋರ್ಕು ಚಾಚಿಕೊಂಡು ಭಾರ ಎತ್ತುವ ಗಾಡಿ, ಸ್ಟಾರ್ಟ್ ಆಗಲಿಲ್ಲ. ಎಂಟೂವರೆಗೆಲ್ಲ ಹಿಂಡಿ ಲೋಡು ಬಂದು ಗೋಡೌನ್ ಮುಂದೆ ನಿಂತಿತ್ತು. ಕೀ ತಿರುಗಿಸಿದೆ. ಗರ್ರ್... ಗರ್ರ್... ಗರ್. ಆಮೇಲೆ ಬರೀ ಟಕ್. ಲಾರಿ ಡ್ರೈವರ್ ಹಲ್ಲುಜ್ಜುತ್ತಾ ಬಂದು, ಗಾಡಿಗೆ ಒಂದು ಸುತ್ತು ಹಾಕಿ, "ಹೊಸ್ದಾ?" ಅಂದ. ಬಾಯಿ ತುಂಬ ನೊರೆ. ಕೇಳಿದ್ದೋ ಅಣಕಿಸಿದ್ದೋ ಗೊತ್ತಾಗಲಿಲ್ಲ.

ತಿಪಟೂರಿನಲ್ಲಿ ನನ್ನದು ಬೂಸಾ, ಹಿಂಡಿ ವ್ಯಾಪಾರ. ಈ ವ್ಯಾಪಾರದವರಿಗೆ ನನ್ನ ಗೋಳು ಬಿಡಿಸಿ ಹೇಳಬೇಕಾಗಿಲ್ಲ. ಲೋಡು ಬಂದ ದಿನ ಹಮಾಲಿಗಳಿರೋದಿಲ್ಲ, ಹಮಾಲಿಗಳಿದ್ದ ದಿನ ಲೋಡು ಬರೋದಿಲ್ಲ. "ಸುಮ್ನೆ ಒಂದು ಸೆಕೆಂಡ್ ಹ್ಯಾಂಡ್ ಫೋರ್ಕ್‌ಲಿಫ್ಟ್ ತಗೊಂಡ್ಬಿಡಿ ಭಾವ" ಅಂದವನು ನನ್ನ ಬಾಮೈದ. ಹಿಂದೊಮ್ಮೆ ಎಮು ಸಾಕೋಣ ಅಂದವನೂ ಅವನೇ. ಅದು ನೆನಪಾಗಬೇಕಿತ್ತು.

ಪೀಣ್ಯದ ಒಂದು ಶೆಡ್ಡಿಗೆ ಹೋದೆವು. ಮೂರು ಟನ್ ಎತ್ತುವ ಡೀಸೆಲ್ ಗಾಡಿ. ನಾವು ಹೋಗುವ ಹೊತ್ತಿಗೇ ಎಂಜಿನ್ ಓಡುತ್ತಿತ್ತು. ಪಾಪ, ನಮಗೋಸ್ಕರ ಆನ್ ಮಾಡಿಟ್ಟಿದ್ದಾರೆ ಅಂದುಕೊಂಡೆ. ಹಳೇ ಡೀಸೆಲ್ ಗಾಡಿ ತಗೊಳ್ಳುವಾಗ ಎಂಜಿನ್ ತಣ್ಣಗಿರಬೇಕು, ತಣ್ಣಗಿದ್ದಾಗ ಎದ್ದರೆ ಮಾತ್ರ ಅದಕ್ಕೆ ಜೀವ ಇದೆ ಅಂತ ಅರ್ಥ. ಇದನ್ನು ನನಗೆ ಮೆಕ್ಯಾನಿಕ್ ಹೇಳಿದ್ದು ದುಡ್ಡು ಕೊಟ್ಟು ಬಂದ ಮೇಲೆ.

ಮಾರುವ ಆಸಾಮಿಗೆ ಒಂದು ಅಭ್ಯಾಸ. ಏನು ಕೇಳಿದರೂ ಗಾಡಿಗೆ ಅಂಗೈಯಲ್ಲಿ ಫಟ್ ಅಂತ ಒಂದು ಏಟು ಕೊಟ್ಟು "ಕಂಡೀಷನ್ ಗಾಡಿ ಸರ್" ಅನ್ನುತ್ತಿದ್ದ. ಫೋರ್ಕ್‌ಲಿಫ್ಟಿಗೆ ಕಿಲೋಮೀಟರ್ ಲೆಕ್ಕ ಇಲ್ಲ, ಎಷ್ಟು ಗಂಟೆ ಓಡಿದೆ ಅಂತ ಅವರ್ ಮೀಟರ್ ನೋಡಬೇಕು. "ಮೀಟರ್ 4,212ರಲ್ಲೇ ನಿಂತಿದೆಯಲ್ಲ?" ಅಂದೆ. ಫಟ್. "ಕಂಡೀಷನ್ ಗಾಡಿ ಸರ್." ಎಷ್ಟೆತ್ತರಕ್ಕೆ ಎಷ್ಟು ತೂಕ ಅಂತ ಕೆತ್ತಿರುವ ಪ್ಲೇಟಿನ ಮೇಲೂ ಹಳದಿ ಪೇಂಟ್ ಬಳಿದಿದ್ದರು. "ಇದನ್ನ ಓದೋದು ಹೇಗೆ?" ಫಟ್. ಪ್ರತಿ ಏಟಿಗೂ ಅವನ ಅಂಗೈಗೆ ಹಸಿ ಪೇಂಟ್ ಅಂಟುತ್ತಿತ್ತು. ಅದನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಒರೆಸಿಕೊಳ್ಳುತ್ತಿದ್ದ. ಆ ಜೇಬಿನ ಮೇಲೆ ಹಳದಿ, ಅದರಡಿ ಕೇಸರಿ, ಅದರಡಿ ಹಸಿರು, ಹೀಗೆ ಒಂದರ ಮೇಲೊಂದು ಪದರ. ನನಗಿಂತ ಮುಂಚೆ ಎಷ್ಟು ಜನ ಬಂದು ಹೋಗಿದ್ದಾರೆ ಅನ್ನೋದೆಲ್ಲ ಅಲ್ಲಿ ಬರೆದಿತ್ತು. ನಾನು ಓದಲಿಲ್ಲ. 3 ಲಕ್ಷ 40 ಸಾವಿರ ಕೊಟ್ಟೆ.

ಲಾರಿಯಲ್ಲಿ ಊರಿಗೆ ಬಂತು. ಇಳಿಸೋದು ಹೇಗೆ? ಮೂರು ಟನ್ ಎತ್ತುವ ಗಾಡಿಯ ಸ್ವಂತ ತೂಕವೇ ನಾಲ್ಕು ಟನ್ ಮೇಲೆ. ಮುಂದೆ ಭಾರ ಎತ್ತಿದಾಗ ಮುಗ್ಗರಿಸದಿರಲಿ ಅಂತ ಹಿಂದೆ ಕಬ್ಬಿಣದ ದೊಡ್ಡ ದಿಮ್ಮಿ ಇಟ್ಟಿರುತ್ತಾರಲ್ಲ. "ಇದನ್ನ ಇಳಿಸೋಕೆ ಇನ್ನೊಂದು ಫೋರ್ಕ್‌ಲಿಫ್ಟ್ ಬೇಕು" ಅಂದ ಲಾರಿಯವನು, ಬಹಳ ಗಂಭೀರವಾಗಿ. ಕೊನೆಗೆ ಹೈಡ್ರಾ ಕ್ರೇನ್ ಕರೆಸಿದೆ. ಇನ್ನೊಂದು ಮೂರು ಸಾವಿರ.

ಮಾರನೇ ದಿನ ಶುಕ್ರವಾರ, ಪೂಜೆ. ತಿಪಟೂರಲ್ಲಿ ತೆಂಗಿನಕಾಯಿಗೇನು ಬರ, ಅಮ್ಮ ಐದು ತರಿಸಿದ್ದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಪೂಜಾರಪ್ಪ ಮಂಗಳಾರತಿ ಎತ್ತಿ "ಹ್ಞೂ, ಮುಂದಕ್ಕೆ ಬಿಡಿ" ಅಂದರು. ಮಕ್ಕಳು ಕಿವಿ ಮುಚ್ಚಿಕೊಂಡರು. ಗರ್ರ್... ಗರ್ರ್... ಪೂಜಾರಪ್ಪ ಇನ್ನೊಂದು ಮಂತ್ರ ಹೇಳಿದರು. ಗರ್ರ್. ವಾಚ್ ನೋಡಿಕೊಂಡು, "ಹತ್ತೂವರೆಗೆ ರಾಹುಕಾಲ ಬರುತ್ತೆ ನೋಡಿ" ಅಂದರು. ಅದಕ್ಕೆ ನಾನೇನು ಮಾಡಲಿ? ಬಾಮೈದ ಎಂಟು ಜನರನ್ನು ಸೇರಿಸಿ ನೂಕಿಸಿದ. ಇದು ಗೇರಿನ ಗಾಡಿಯಲ್ಲ, ನೂಕಿದರೆ ಎಂಜಿನ್ ಏಳೋದಿಲ್ಲ ಅಂತ ಆಮೇಲೆ ತಿಳೀತು. ಗಾಡಿ ಬಿಡಿ, ನಿಂಬೆಹಣ್ಣಿನ ಸಿಪ್ಪೆ ಕೂಡ ಬಿರಿಯಲಿಲ್ಲ. ಮಂಗಳಾರತಿ ತಟ್ಟೆಗೆ ದುಡ್ಡು ಹಾಕಿದವರೆಲ್ಲ ತಿರುಗಿ ತಿರುಗಿ ನೋಡುತ್ತಾ ಹೋದರು.

ನಿಂಬೆಹಣ್ಣು ತೆಗೆಯುವಂತಿಲ್ಲ, ಅಪಶಕುನ ಅಂತ ಅಮ್ಮ. ಶನಿವಾರ ಅವು ಹಾಗೇ ಇದ್ದವು. ಭಾನುವಾರ ಮೆತ್ತಗಾದವು. ಸೋಮವಾರ ಒಂದು ಮೇಕೆ ಬಂದು ಮೂಸಿ ಹೋಯಿತು. ಗುರುವಾರ ಮೆಕ್ಯಾನಿಕ್ ಬಂದು "ಕಂಪ್ರೆಷನ್ನೇ ಇಲ್ವಲ್ಲ ಅಣ್ಣ" ಅಂತ ಏನೇನೋ ಮಾಡಿ ಎಬ್ಬಿಸುವ ಹೊತ್ತಿಗೆ ನಾಲ್ಕೂ ಒಣಗಿ ಕಪ್ಪಾಗಿದ್ದವು. ಚಕ್ರ ಹತ್ತಿದಾಗ ರಸ ಚಿಮ್ಮಲಿಲ್ಲ. ಕಡ್ಲೆಕಾಯಿ ಸಿಪ್ಪೆ ಒಡೆದ ಹಾಗೆ ಪಟ್ ಅಂತು, ಅಷ್ಟೇ.

ಫೋರ್ಕ್‌ಲಿಫ್ಟಿಗೆ ತಿರುಗೋದು ಹಿಂದಿನ ಚಕ್ರ ಅನ್ನೋದು ಪಕ್ಕದವರ ಕಾಂಪೌಂಡು ಬಿದ್ದಾಗ ತಿಳೀತು. ನನ್ನ ಗೋಡೌನಿನ ಶಟರ್‌ಗಿಂತ ಅದರ ಫೋರ್ಕು ಏರಿಳಿಯುವ ಕಂಬ ಮೂರಿಂಚು ಎತ್ತರ ಅನ್ನೋದೂ ಅದೇ ದಿನ ತಿಳೀತು. ಈಗ ಹೊರಗೇ ಟಾರ್ಪಾಲ್ ಕೆಳಗೆ ನಿಂತಿದೆ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಇದು: ಫೋರ್ಕ್‌ಲಿಫ್ಟ್ ಮೂಟೆ ಎತ್ತೋದಿಲ್ಲ, ಪ್ಯಾಲೆಟ್ ಎತ್ತುತ್ತೆ, ಅಂದರೆ ಮೂಟೆ ಜೋಡಿಸಿಡುವ ಹಲಗೆಯ ಮಣೆ. ನಮ್ಮ ಕಡೆ ಲಾರಿಗಳಲ್ಲಿ ಮೂಟೆ ಬರೋದು ಬಿಡಿ ಬಿಡಿಯಾಗಿ. ಲಾರಿಯಲ್ಲಿರುವ 50 ಕೆಜಿ ಮೂಟೆಗಳನ್ನು ಯಾರಾದರೂ ಒಂದೊಂದಾಗಿ ಪ್ಯಾಲೆಟ್ ಮೇಲೆ ಜೋಡಿಸಿಕೊಡಬೇಕು. ಯಾರು? ಹಮಾಲಿಗಳು.

ಅಪ್ಪನ ಕಾಲದಲ್ಲಿ ನೂರು ಕೆಜಿಯ ಗೋಣಿಮೂಟೆ ಬರುತ್ತಿತ್ತು. ಈಗಿನ ಹಮಾಲಿಗಳ ಮೇಸ್ತ್ರಿ ಆಗ ಹುಡುಗ. ಬಾಯಲ್ಲಿ ಬೀಡಿ ಇಟ್ಟುಕೊಂಡೇ ಹಲಗೆ ಮೇಲೆ ನಡೆದು ಬರುತ್ತಿದ್ದ, ಬೂದಿ ಕೂಡ ಉದುರುತ್ತಿರಲಿಲ್ಲ. ಆಗ ಹನ್ನೆರಡು ಜನ ಇದ್ದರು, ಈಗ ಐದು. ಮೇಸ್ತ್ರಿಯ ಇಬ್ಬರು ಮಕ್ಕಳೂ ಬೆಂಗಳೂರಲ್ಲಿ ಡೆಲಿವರಿ ಕೆಲಸಕ್ಕಿದ್ದಾರೆ. ಹಮಾಲಿಗಳು ಬರಲಿಲ್ಲ ಅಂತ ನಾನು ಬೈಯುತ್ತೇನೆ. ಬರೋದಕ್ಕೆ ಇನ್ಯಾರು ಉಳಿದಿದ್ದಾರೆ?

ಇವತ್ತು ಟಕ್ ಅಂದ ಮೇಲೆ ಮೇಸ್ತ್ರಿಗೇ ಫೋನ್ ಮಾಡಿದೆ. ಬಂದ. ಶರ್ಟು ಬಿಚ್ಚಿ ಒಂದು ಫೋರ್ಕಿಗೆ ನೇತುಹಾಕಿದ, ಇನ್ನೊಂದಕ್ಕೆ ಬುತ್ತಿ ಚೀಲ. ಹನ್ನೊಂದೂವರೆಗೆ ಲಾರಿ ಖಾಲಿ. ಆಮೇಲೆ ಐದೂ ಜನ ಟಾರ್ಪಾಲ್ ಕೆಳಗೆ ಕೂತು ಊಟ ಬಿಚ್ಚಿದರು. ಇದನ್ನ ಮಾರಿಬಿಡ್ತೀನಿ ಮೇಸ್ತ್ರಿ ಅಂದೆ. ಅವನು ಮುದ್ದೆ ಮುರಿಯುತ್ತಾ ತಲೆ ಎತ್ತಿದ.

"ಬ್ಯಾಡಿ ಯಜಮಾನ್ರೇ. ನೆಳ್ಳು ಚೆನ್ನಾಗೈತೆ."