ಬಾಗಿಲು ಹಾಕಿದ ರೆಸಾರ್ಟಿಗೂ ವರ್ಷದ ಫೀ ಯಾಕೆ ಕಟ್ಬೇಕು?

ಇದು 2021ರ ಜುಲೈ ತಿಂಗಳ ಮಾತು. ಕೋವಿಡ್ ಎರಡನೇ ಅಲೆಗೆ ಬಂದ್ ಆಗಿದ್ದ ರಾಜ್ಯ ಜುಲೈ 5ಕ್ಕೆ ಅನ್‌ಲಾಕ್ ಆಗಿದ್ದೇ ತಡ, ಮುಳ್ಳಯ್ಯನಗಿರಿಗೆ ಹೋಗೋ ಕಾರುಗಳು ಕೈಮರ ಚೆಕ್‌ಪೋಸ್ಟ್ ಹತ್ರ ಸಾಲುಗಟ್ಟಿವೆ, ಟಿವಿಲೂ ಅದೇ, ವಾಟ್ಸಾಪಲ್ಲೂ ಅದೇ, ಈ ಜನಕ್ಕೆ ಬುದ್ಧಿ ಇಲ್ವಾ ಅಂತ ಎಲ್ಲರೂ ಬೈತಾ ಇದಾರೆ. ಬೈಯೋದು ಸರಿನೇ. ಆದ್ರೆ ಈ ಗಲಾಟೆಲಿ ಯಾರೂ ಬಾಯಿ ಬಿಡದೇ ಇರೋ ಇನ್ನೊಂದು ವಿಷಯ ಇದೆ, ಟೈಮ್‌ಶೇರ್ ಮೆಂಬರ್‌ಶಿಪ್ ತಗೊಂಡು ಕೂತಿರೋ ಮಧ್ಯಮ ವರ್ಗದವರ ದುಡ್ಡಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ. ಯುರೋಪಲ್ಲಿ 1960ರ ದಶಕದಲ್ಲಿ ಶುರುವಾದ ಪದ್ಧತಿ ಇದು, ನಮ್ಮ ದೇಶದಲ್ಲಿ 90ರ ದಶಕದಲ್ಲಿ ಜೋರಾಯ್ತು. ಒಂದೇ ಸಲ ಲಕ್ಷಗಟ್ಟಲೆ ಕಟ್ಟಿದ್ರೆ, ಅಥವಾ ಇಎಂಐಲಿ ಕಟ್ಟಿದ್ರೆ, ವರ್ಷಕ್ಕೆ ಒಂದು ವಾರ ಅವರ ರೆಸಾರ್ಟಲ್ಲಿ ರೂಮು, ಹತ್ತು ವರ್ಷ ಇಲ್ಲಾ ಇಪ್ಪತ್ತೈದು ವರ್ಷ. ಸೀಸನ್ನಿಗೊಂದು ಬಣ್ಣ, ಬಣ್ಣಕ್ಕೊಂದು ರೇಟು, ಡಿಸೆಂಬರ್ ರಜೆ ಬೇಕು ಅಂದ್ರೆ ದುಬಾರಿ ಬಣ್ಣ. ಇದಿಷ್ಟೂ ಸೇಲ್ಸ್‌ನವರು ಚೆನ್ನಾಗಿ ವಿವರಿಸ್ತಾರೆ. ಆದ್ರೆ ಇದರ ಜೊತೆಗೆ ಪ್ರತಿ ವರ್ಷ ಮೇಂಟೆನೆನ್ಸ್ ಫೀ ಅಂತ ಒಂದಿರುತ್ತೆ, ನೀವು ಹೋದ್ರೂ ಹೋಗದಿದ್ರೂ ಕಟ್ಟಲೇಬೇಕು, ಅದು ವರ್ಷ ವರ್ಷ ಏರುತ್ತೆ, ಅದರ ಮೇಲೆ 18% ಜಿಎಸ್‌ಟಿ ಬೇರೆ.

ನಮ್ಮ ಭಾವ ಹಾಸನದಲ್ಲಿ ಕೆಇಬಿಲಿದ್ದು ರಿಟೈರ್ ಆದವರು. ನಿಮಗೆ ಗಿಫ್ಟ್ ಬಂದಿದೆ, ದಂಪತಿ ಸಮೇತ ಬನ್ನಿ ಅಂತ ಫೋನ್ ಬಂದಿತ್ತು, ದೊಡ್ಡ ಹೋಟೆಲ್ಲಿನ ಹಾಲಲ್ಲಿ ಕೂರಿಸಿ ಗಂಟೆಗಟ್ಟಲೆ ಮಾತಾಡಿ, ಇವತ್ತೇ ಸೈನ್ ಮಾಡಿದ್ರೆ ಮಾತ್ರ ಈ ರೇಟು ಅಂತ ಹೇಳಿ ಅಲ್ಲೇ ಚೆಕ್ ಬರೆಸ್ಕೊಂಡ್ರು. ಅವರನ್ನ ದಡ್ಡರು ಅನ್ನೋಕೆ ನಾನು ಯಾರಿಗೂ ಬಿಡಲ್ಲ. ಸರ್ವಿಸಲ್ಲಿ ಇರೋವಾಗ ಕುಟುಂಬ ಕರ್ಕೊಂಡು ಒಂದು ಟ್ರಿಪ್ ನೆಟ್ಟಗೆ ಹೋಗಿರಲಿಲ್ಲ, ರಿಟೈರ್ ಆದ್ಮೇಲೆ ಅಕ್ಕನಿಗೆ ಊರು ತೋರಿಸ್ಬೇಕು ಅನ್ನೋ ಆಸೆ. ಅಕ್ಕನಿಗೂ ಒಂದು ವಾರ ಒಲೆ ಮುಂದೆ ನಿಲ್ಲದೇ ಇರ್ಬೇಕು ಅಂತ ಆಸೆ. ಇದರಲ್ಲಿ ತಪ್ಪೇನಿದೆ?

ಆಮೇಲೆ ಬಂತು ನೋಡಿ ಮಾರ್ಚ್ 2020. 25ಕ್ಕೆ ದೇಶಪೂರ್ತಿ ಲಾಕ್‌ಡೌನ್. ಜೂನ್ 8ರಿಂದ ಹೋಟೆಲ್ ತೆಗೀಬಹುದು ಅಂತ ಕೇಂದ್ರ ಹೇಳಿದ್ರೂ ಎಲ್ಲಾ ಕಡೆ ತೆಗೀಲಿಲ್ಲ, ತೆಗೆದ ಕಡೆ ಹೋಗೋಕೆ ಒಂದೊಂದು ರಾಜ್ಯದ್ದು ಒಂದೊಂದು ರೂಲ್ಸು, ಪಾಸು, ಕ್ವಾರಂಟೈನು, ಅರವತ್ತೈದು ದಾಟಿದವರು ಮನೇಲೇ ಇರಿ ಅಂತ ಸರ್ಕಾರನೇ ಹೇಳ್ತಾ ಇತ್ತು. ಇನ್ನೇನು ಎಲ್ಲ ಸರಿಹೋಯ್ತು ಅನ್ನೋಷ್ಟರಲ್ಲಿ 2021ರ ಏಪ್ರಿಲ್ ಕೊನೇಲಿ ರಾಜ್ಯ ಮತ್ತೆ ಬಂದ್. ಜೂನ್ 14ಕ್ಕೆ ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿದ್ರೆ ನಮ್ಮ ಹಾಸನ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗೆ ಇನ್ನೊಂದು ವಾರ ಲಾಕ್‌ಡೌನ್ ಮುಂದುವರೀತು. ಎರಡೂ ವರ್ಷ ಬೇಸಿಗೆ ರಜೆನೇ ಹೋಯ್ತು, ಅಂದ್ರೆ ಜನ ದುಬಾರಿ ದುಡ್ಡು ಕೊಟ್ಟು ತಗೊಂಡ ಸೀಸನ್ನೇ ಹೋಯ್ತು.

ಇದಕ್ಕೆ ಕಂಪನಿಯವರ ಉತ್ತರ ಒಂದೇ, ಹೋಗದೇ ಉಳಿದ ದಿನಗಳನ್ನ ಮುಂದಿನ ವರ್ಷಕ್ಕೆ ಹಾಕಿದೀವಿ ಅಂತ. ಮೊನ್ನೆ ಭಾವ ನನ್ನ ಮುಂದೇನೇ ಸ್ಪೀಕರ್ ಹಾಕಿ ಫೋನ್ ಮಾಡಿದ್ರು.

"ಸಾರ್, ನಿಮ್ಮ ಡೇಸ್ ಲ್ಯಾಪ್ಸ್ ಆಗಿಲ್ಲ, ಕ್ಯಾರಿ ಫಾರ್ವರ್ಡ್ ಮಾಡಿದೀವಿ."

"ಸರಿಯಮ್ಮ, ಹಂಗಾದ್ರೆ ದಸರಾ ರಜೆಲಿ ಒಂದು ರೂಮ್ ಹಾಕ್ಕೊಡು."

"ದಸರಾಗೆ ಅವೈಲಬಿಲಿಟಿ ಇಲ್ಲ ಸಾರ್, ವೇಟ್‌ಲಿಸ್ಟ್‌ಗೆ ಹಾಕ್ಬಹುದು. ಆದ್ರೆ ಈ ವರ್ಷದ್ದು ಫೀ ಡ್ಯೂ ಇದೆ, ಅದು ಕ್ಲಿಯರ್ ಆದ್ರೆ ಮಾತ್ರ ಬುಕಿಂಗ್ ಓಪನ್ ಆಗುತ್ತೆ."

ಆ ಹುಡುಗಿ ಮೇಲೆ ನಂಗೇನೂ ಕೋಪ ಇಲ್ಲ, ಅವಳಿಗೆ ಹೇಳಿಕೊಟ್ಟಿದ್ದನ್ನ ಅವಳು ಹೇಳ್ತಾಳೆ. ಭಾವ ಫೋನಿಟ್ಟು ಮೊಬೈಲಲ್ಲಿ ಆ್ಯಪ್ ತೆಗೆದು ತೋರಿಸಿದ್ರು. ಅಕ್ಟೋಬರ್ ತಿಂಗಳ ಕ್ಯಾಲೆಂಡರ್ ಪೂರ್ತಿ ಬೂದಿ ಬಣ್ಣ, ಬೆರಳಿಟ್ರೂ ಏನೂ ಆಗಲ್ಲ. ನವೆಂಬರಲ್ಲಿ ವಾರದ ಮಧ್ಯ ಎಲ್ಲೋ ಎರಡು ಮನೆ ಹಸಿರು. ಡಿಸೆಂಬರ್ ಮತ್ತೆ ಬೂದಿ. ಆಗಸ್ಟ್ ಮಾತ್ರ ಹಸಿರೋ ಹಸಿರು, ಅದೂ ನಮ್ಮ ಮಲೆನಾಡಿನ ರೆಸಾರ್ಟಲ್ಲೇ. 2019ರ ಆಗಸ್ಟ್ ನೆನಪಿದೆಯಲ್ಲ, ಚಾರ್ಮಾಡಿ ಘಾಟಿ ಕುಸಿದು ರೋಡೇ ಬಂದ್ ಆಗಿದ್ದು, ಮೂಡಿಗೆರೆ ಕಡೆ ಮನೆ ತೋಟ ಕೊಚ್ಚಿಹೋಗಿದ್ದು? ಆ ತಿಂಗಳಲ್ಲಿ ವಯಸ್ಸಾದ ಅಕ್ಕ ಭಾವನ್ನ ಘಾಟಿ ಪಕ್ಕದ ರೆಸಾರ್ಟಿಗೆ ಕಳಿಸೋಕೆ ನಂಗಂತೂ ಧೈರ್ಯ ಇಲ್ಲ.

ಈ ಕ್ಯಾರಿ ಫಾರ್ವರ್ಡಿನ ಲೆಕ್ಕ ಒಂದ್ಸಲ ಕೂತು ಹಾಕಿ ನೋಡಿ. ಒಂದು ರೂಮಿಗೆ ವರ್ಷಕ್ಕೆ 52 ವಾರ. ರಿಪೇರಿಗೆ ಅಂತ ಒಂದೆರಡು ವಾರ ಬಿಟ್ಟು ಉಳಿದಿದ್ದೆಲ್ಲ ಮಾರಾಟ ಆಗಿದೆ ಅಂತಿಟ್ಕೊಳ್ಳಿ. ಆರು ತಿಂಗಳು ಬಾಗಿಲು ಹಾಕಿದ್ರೆ ಇಪ್ಪತ್ತೈದು ಇಪ್ಪತ್ತಾರು ಕುಟುಂಬದ ವಾರ ಮುಂದಿನ ವರ್ಷಕ್ಕೆ ಹೋಗುತ್ತೆ. ಮುಂದಿನ ವರ್ಷದ ವಾರಗಳು ಆಗಲೇ ಬೇರೆಯವರ ಹೆಸರಲ್ಲಿವೆ. ಹಾಸನ ಬಸ್‌ಸ್ಟ್ಯಾಂಡಲ್ಲಿ ಎರಡು ಬಸ್ ಕ್ಯಾನ್ಸಲ್ ಮಾಡಿ, ನಿಮ್ಮ ಟಿಕೆಟ್ ಎಲ್ಲೂ ಹೋಗಿಲ್ಲ, ಮೂರನೇ ಬಸ್ಸಿಗೆ ನಡೆಯುತ್ತೆ ಅಂದಂಗೆ ಇದು. ಟಿಕೆಟ್ ಇದೆ ಸರಿ, ಸೀಟೆಲ್ಲಿದೆ? ಹಳೇ ಮೆಂಬರ್‌ಗಳ ಬಾಕಿನೇ ಹಿಂಗೆ ಬೆಟ್ಟದಷ್ಟು ಬಿದ್ದಿರೋವಾಗ ಹೊಸ ಮೆಂಬರ್‌ಶಿಪ್ ಮಾರೋ ಫೋನು ಮಾತ್ರ ನಿಂತಿಲ್ಲ, ನಂಗೇ ಬರ್ತಾ ಇದೆ, ಅದು ನಂಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸೋ ವಿಷಯ.

ಕಂಪನಿಗೂ ಖರ್ಚಿರುತ್ತೆ, ಒಪ್ತೀನಿ. ಬಾಗಿಲು ಹಾಕಿದ್ರೂ ಸೆಕ್ಯೂರಿಟಿ ಬೇಕು, ಮಲೆನಾಡಿನ ಮಳೆಗೆ ಆರು ತಿಂಗಳು ರೂಮ್ ಮುಚ್ಚಿಟ್ರೆ ಗೋಡೆ ಬೂಷ್ಟು ಹಿಡಿಯುತ್ತೆ, ಹಾಸಿಗೆ ದಿಂಬು ಎಲ್ಲ ಮುಗ್ಗಲು ವಾಸನೆ. ಆ ಖರ್ಚಿಗೆ ಇಷ್ಟು ಬೇಕು ಅಂತ ಲೆಕ್ಕ ತೋರಿಸಿ ಕೇಳಿದ್ರೆ ಭಾವನೇ ಮೊದಲು ಕಟ್ತಾರೆ. ಆದ್ರೆ ಈಜುಕೊಳ ನಡೀಲಿಲ್ಲ, ಅಡುಗೆಮನೆ ನಡೀಲಿಲ್ಲ, ಲಾಂಡ್ರಿ ನಡೀಲಿಲ್ಲ, ಪೂರ್ತಿ ಫೀ ಯಾವ ಬಾಬ್ತಿಗೆ?

ಕೆಲಸಗಾರರಿಗೆ ಸಂಬಳ ಕೊಡ್ಬೇಕಲ್ಲ ಅಂತೀರಾ? ನಮ್ಮ ತೋಟದ ಪಕ್ಕದ ಲೈನ್ ಮನೆಯ, ಅಂದ್ರೆ ತೋಟದ ಕೆಲಸದವರ ಸಾಲು ಮನೆಯ, ಹುಡುಗಿ ಒಬ್ಳು ಇಂಥದ್ದೇ ಒಂದು ರೆಸಾರ್ಟಲ್ಲಿ ಹೌಸ್‌ಕೀಪಿಂಗ್ ಮಾಡ್ತಿದ್ಲು. ಮೊದಲ ಲಾಕ್‌ಡೌನಲ್ಲಿ ಅರ್ಧ ಸಂಬಳ ಬಂತಂತೆ, ಎರಡನೇದರಲ್ಲಿ ಅದೂ ಇಲ್ಲ, ಓಪನ್ ಆದಾಗ ಕರೀತೀವಿ ಅಂದ್ರಂತೆ. ಅವಳು ಅವರಮ್ಮನ ಜೊತೆ ಕಾಫಿ ಗಿಡದ ಚಿಗುರು ತೆಗೆಯೋ ಕೆಲಸಕ್ಕೆ ಬರ್ತಾ ಇದಾಳೆ ಈಗ. ಪ್ರತಿ ದಿನ ಬೆಳಿಗ್ಗೆ ಫೋನ್ ನೋಡ್ತಾಳೆ, ಕರೆದ್ರಾ ಅಂತ. ಮೆಂಬರ್ ಕಟ್ಟಿದ ಫೀ ಇವಳಿಗೂ ಬರಲಿಲ್ಲ ಅಂದ್ಮೇಲೆ ಎಲ್ಲಿಗೆ ಹೋಯ್ತು ಅಂತ ಕೇಳೋ ಹಕ್ಕು ನಮಗಿದೆ.

ಹಂಗಂತ ಬೇಗ ತೆಗೀರಿ ಅಂತ ನಾನು ಹೇಳ್ತಾ ಇಲ್ಲ, ಇದನ್ನ ದಯವಿಟ್ಟು ತಪ್ಪು ತಿಳ್ಕೋಬೇಡಿ. 2020ರ ಮೇ ಅರ್ಧದವರೆಗೂ ನಮ್ಮ ಜಿಲ್ಲೆ ಕೋವಿಡ್ ಕೇಸಿಲ್ಲದ ಹಸಿರು ವಲಯದಲ್ಲಿತ್ತು. 2021ರ ಎರಡನೇ ಅಲೆಲಿ ಕೋವಿಡ್ ಹಳ್ಳಿ ಹಳ್ಳಿಗೆ ನುಗ್ತು, ತೋಟದ ಲೈನ್ ಮನೆಗಳಲ್ಲಿ ಒಬ್ಬರಿಗೆ ಬಂದ್ರೆ ಸಾಲಿಗೆ ಸಾಲೇ ಮಲಗ್ತು. ಊರವರು ಟೂರಿಸ್ಟ್ ಬೇಡ ಅಂದ್ರೆ ಅದು ದ್ವೇಷ ಅಲ್ಲ, ಹತ್ತಿರದ ದೊಡ್ಡಾಸ್ಪತ್ರೆ ಎಷ್ಟು ದೂರ ಅಂತ ಅವರಿಗೆ ಗೊತ್ತು. ಮುಚ್ಚೋದಾದ್ರೆ ಮುಚ್ಚಲಿ. ನನ್ನ ತಕರಾರು ಇಷ್ಟೇ, ಮುಚ್ಚಿದ್ದರ ನಷ್ಟ ಪೂರ್ತಿ ಮೆಂಬರ್ ತಲೆಗೆ, ಕೆಲಸದವರ ತಲೆಗೆ ಕಟ್ಟೋದು ಯಾವ ನ್ಯಾಯ? ಮುಚ್ಚಿದಷ್ಟು ತಿಂಗಳ ಫೀ ಬಿಡಿ, ಮೆಂಬರ್‌ಶಿಪ್ಪಿನ ಅವಧಿಯನ್ನೇ ಅಷ್ಟು ಮುಂದಕ್ಕೆ ಹಾಕಿ, ಇಪ್ಪತ್ತೈದು ಇದ್ದಿದ್ದು ಇಪ್ಪತ್ತಾರೋ ಇಪ್ಪತ್ತೇಳೋ ಆಗಲಿ, ಆಗ ಎಲ್ಲರೂ ಒಂದೇ ವರ್ಷಕ್ಕೆ ಮುಗಿಬೀಳೋದಾದ್ರೂ ತಪ್ಪುತ್ತೆ. ತೆಗೆಯೋ ತಾರೀಖನ್ನ ಹದಿನೈದು ದಿನ ಮೊದಲೇ ಹೇಳಿ. ಮೂರನೇ ಅಲೆ ಬಂದು ಬುಕಿಂಗ್ ಕ್ಯಾನ್ಸಲ್ ಆದ್ರೆ ದಿನ ಕಟ್ ಮಾಡ್ಬೇಡಿ.

ವಿಮಾನದವರೂ ಮೊದಲು ಹಿಂಗೇ ದುಡ್ಡು ವಾಪಸ್ ಇಲ್ಲ, ಮುಂದಿನ ಪ್ರಯಾಣಕ್ಕೆ ಕ್ರೆಡಿಟ್ ಇಟ್ಕೊಳ್ಳಿ ಅಂತಿದ್ರು. 2020ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂದ್ಮೇಲೆ ಲಾಕ್‌ಡೌನ್ ಟಿಕೆಟ್ಟಿನ ದುಡ್ಡು ವಾಪಸ್ ಕೊಡೋ ದಾರಿ ಆಯ್ತು, ಅದೂ ಒಂದು ಸಂಸ್ಥೆ ಕೇಸ್ ಹಾಕಿದ್ದಕ್ಕೆ. ಯುರೋಪಲ್ಲಿ ಟೈಮ್‌ಶೇರ್‌ಗೇ ಅಂತ ಕಾನೂನಿದೆ, ಸೈನ್ ಮಾಡಿ 14 ದಿನದೊಳಗೆ ಕಾರಣ ಹೇಳದೇ ವಾಪಸ್ ಬರಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ, ಆದ್ರೆ ಕೈ ಖಾಲಿನೂ ಇಲ್ಲ. 2020ರ ಜುಲೈ 20ಕ್ಕೆ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಲಿ ಅನ್ಯಾಯದ ಕರಾರು ಅಂತಾನೇ ಒಂದು ವ್ಯಾಖ್ಯೆ ಇದೆ, ಗ್ರಾಹಕನ ಮೇಲೆ ಅಸಮಂಜಸ ಶುಲ್ಕ ಹೇರೋದೂ ಅದರಲ್ಲಿ ಬರುತ್ತೆ. ಆ ತಕರಾರು ಬೆಂಗಳೂರಿನ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗ್ಬೇಕು. ಸೇವಾ ನ್ಯೂನತೆ, ಅಂದ್ರೆ ಹೇಳಿದ ಸೇವೆ ಸರಿಯಾಗಿ ಕೊಡಲಿಲ್ಲ ಅಂತ ಹಾಕೋದಾದ್ರೆ ನಮ್ಮ ಜಿಲ್ಲಾ ಗ್ರಾಹಕ ಆಯೋಗ ಸಾಕು, ಕಂಪನಿ ಆಫೀಸು ಮುಂಬೈಲಿರ್ಲಿ ಚೆನ್ನೈಲಿರ್ಲಿ, ನಾವು ವಾಸ ಇರೋ ಊರಲ್ಲೇ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ರೆ ಕೋರ್ಟ್ ಫೀನೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1800-11-4000ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಭಾವನ ಪರವಾಗಿ ನಾನೇ ಕೂತು ಕಾಗದ ಬರೆದಿದೀನಿ, ಎರಡು ವರ್ಷ ಮುಚ್ಚಿದ್ದ ತಿಂಗಳುಗಳ ಪಟ್ಟಿ, ವೇಟ್‌ಲಿಸ್ಟ್‌ನ ಸ್ಕ್ರೀನ್‌ಶಾಟು, ಫೀ ರಸೀದಿ ಎಲ್ಲ ಇಟ್ಟು ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದೀವಿ. "ನೋಡಪ್ಪ, ದುಡ್ಡು ಬರುತ್ತೋ ಬಿಡುತ್ತೋ, ಉತ್ತರನಾದ್ರೂ ಲಿಖಿತದಲ್ಲಿ ಬರಲಿ" ಅಂದ್ರು ಭಾವ. ಆಗಸ್ಟ್ ಕೊನೆಯೊಳಗೆ ಬರದಿದ್ರೆ ಹಾಸನದ ಜಿಲ್ಲಾ ಆಯೋಗಕ್ಕೆ ಹೋಗ್ತೀವಿ. ಇದೇ ಪರಿಸ್ಥಿತಿಲಿ ಇರೋರು ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಬಹಳ ಜನ ಇದೀರ ಅಂತ ಗೊತ್ತು. ಕಾಗದದ ನಕಲು ಬೇಕಿದ್ರೆ ಕೇಳಿ, ಕೊಡ್ತೀನಿ, ನಿಮ್ಮ ಹೆಸರು ತಾರೀಖು ಹಾಕಿ ಕಳಿಸಿದ್ರಾಯ್ತು.