ಬದುಕಿರುವ ಮೀನಿನ ರಕ್ತವನ್ನೂ ಸ್ವಲ್ಪ ನೋಡಿ

2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನು ರಾಶಿರಾಶಿ ಸತ್ತು ತೇಲಿದಾಗ ದೊಡ್ಡ ಸುದ್ದಿಯಾಯಿತು. ಚರಂಡಿ ನೀರು ಸೇರಿ ಆಮ್ಲಜನಕ ಕಮ್ಮಿಯಾಯಿತು ಅಂದರು. ಸರಿ, ಒಪ್ಪೋಣ. ಆದರೆ ಕೊಳಚೆ ಕೆರೆಗಳಲ್ಲಿ ಸಾಯದೆ ಉಳಿದು, ಬಲೆಗೆ ಬಿದ್ದು ತಕ್ಕಡಿ ಏರುವ ಮೀನನ್ನು ಯಾರಾದರೂ ಪರೀಕ್ಷೆ ಮಾಡುತ್ತಾರಾ?

ಮೀನಿಗೆ ನಮ್ಮ ಹಾಗೆ ಮೂಳೆಯೊಳಗೆ ರಕ್ತ ತಯಾರಾಗುವುದಿಲ್ಲ, ಮುಖ್ಯವಾಗಿ ಕಿಡ್ನಿಯ ಮುಂಭಾಗದಲ್ಲಿ ಆಗುತ್ತದೆ. ಕಾರ್ಖಾನೆ ನೀರಿನ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಹೋಗಿ ಸೇರಿಕೊಳ್ಳುವುದೂ ಕಿಡ್ನಿಗೇ. ಸೀಸದ ಕಿತಾಪತಿ ಬೇರೆ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ತಯಾರಿಗೆ ಬೇಕಾದ ಕಿಣ್ವವನ್ನೇ ತಡೆಯುತ್ತದೆ. ಬೆಳಗಿನ ಜಾವ ಕೆರೆ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ, ಇದ್ದಷ್ಟನ್ನು ಹೊರುವ ಶಕ್ತಿಯೂ ರಕ್ತಕ್ಕಿಲ್ಲ ಅಂದರೆ ಆ ಮೀನು ಎಷ್ಟು ದಿನ ತಡೆದೀತು?

ನೀರಿನ ಸ್ಯಾಂಪಲ್ ತೆಗೆಯುತ್ತೇವಲ್ಲ ಅಂತಾರೆ ಅಧಿಕಾರಿಗಳು. ರಾತ್ರಿ ಬಿಟ್ಟ ಕೊಳಕು ಮರುದಿನ ಮಧ್ಯಾಹ್ನದ ಬಾಟಲಿಗೆ ಸಿಗುತ್ತಾ? ಲೋಹ ಕೊಳೆತು ಹೋಗುವ ವಸ್ತುವೂ ಅಲ್ಲ, ಹೂಳಿನಲ್ಲಿ ಕೂತುಬಿಡುತ್ತದೆ. ತಳ ಕೆದಕಿ ತಿನ್ನುವ ಮೃಗಾಲ್, ಸಾಮಾನ್ಯ ಗೆಂಡೆಯಂಥ ಮೀನುಗಳು ಅಲ್ಲೇ ಮೇಯುತ್ತವೆ.

ರಕ್ತ ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಬಾಲದ ಬುಡಕ್ಕೆ ಸೂಜಿ ಚುಚ್ಚಿ, ಹೆಪ್ಪುಗಟ್ಟದಂತೆ ಹೆಪಾರಿನ್ ಸವರಿದ ಸಿರಿಂಜಿಗೆ ಸ್ವಲ್ಪ ರಕ್ತ ಎಳೆದರೆ ಸಾಕು. ಕೂದಲೆಳೆಯಂಥ ಗಾಜಿನ ನಳಿಕೆಗೆ ತುಂಬಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕಣಗಳೆಲ್ಲ ತಳಕ್ಕೆ ಕೂರುತ್ತವೆ. ಆ ಕೆಂಪು ಪಟ್ಟಿ ಗಿಡ್ಡಗಿದ್ದರೆ ರಕ್ತಹೀನತೆ ಇರಬಹುದು ಅಂತ. ಇನ್ನೊಂದು ಹನಿ ಸ್ಲೈಡಿಗೆ. ಮೀನಿನ ಕೆಂಪು ಕಣದಲ್ಲಿ ನ್ಯೂಕ್ಲಿಯಸ್, ಅಂದರೆ ಡಿಎನ್‌ಎ ಇರುವ ಗುಂಡನೆ ಭಾಗ, ಇರುತ್ತದೆ (ನಮ್ಮದರಲ್ಲಿ ಇಲ್ಲ). ಅದರ ಪಕ್ಕದಲ್ಲಿ ಒಂದು ಪುಟ್ಟ ಚೂರು ಬೇರೆಯಾಗಿ ಬಿದ್ದಿದ್ದರೆ, ಅಂಥ ಕಣಗಳು ಜಾಸ್ತಿ ಕಂಡರೆ, ಡಿಎನ್‌ಎಗೆ ಏಟು ಬಿದ್ದಿದೆ ಅಂತ ಲೆಕ್ಕ.

ಇಷ್ಟರಿಂದ ಯಾವ ಲೋಹ ಅಂತ ಹೇಳಲಾಗದು ನಿಜ. ಸೋಂಕಿಗೂ, ಬಲೆಯಲ್ಲಿ ಒದ್ದಾಡಿದ್ದಕ್ಕೂ ರಕ್ತ ಏರುಪೇರಾಗುತ್ತದೆ. ಅದಕ್ಕೇ ಚೊಕ್ಕ ಕೆರೆಯ ಮೀನನ್ನೂ ಪಕ್ಕಕ್ಕಿಟ್ಟು ಹೋಲಿಸಬೇಕು. ವ್ಯತ್ಯಾಸ ಕಂಡರೆ ಕಿವಿರು, ಲಿವರ್, ಕಿಡ್ನಿಯಲ್ಲಿ ಲೋಹ ಅಳೆಯಬೇಕು. ತಿನ್ನುವವರ ಚಿಂತೆಗೆ ಮಾಂಸವನ್ನೂ ಅಳೆಯಬೇಕು, ಪಾದರಸ ಕೂರುವುದು ಅಲ್ಲೇ.

ವೃಷಭಾವತಿ ಬೆಂಗಳೂರಿನ ಚರಂಡಿ ನೀರು, ಕಾರ್ಖಾನೆ ನೀರು ಎರಡನ್ನೂ ಹೊತ್ತು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿ, ಕಾವೇರಿಗೆ ಹೋಗುತ್ತದೆ. ಇಂಥ ದಾರಿಯ ಕೆರೆಗಳಲ್ಲಿ ಮೀನಿನ ಹರಾಜು ಕೂಗುವ ಮುಂಚೆ ರಕ್ತದ ವರದಿಯನ್ನು ಕೆರೆ ಏರಿ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. "ಸುಮ್ನೆ ಮೀನು ತಿನ್ನೋದು ಬಿಡಿ" ಅಂತ ಇದಕ್ಕೆ ಉತ್ತರ ಬರೆಯಲು ಹೊರಡುವವರು ಬಲೆ ಹಾಕಿ ಬದುಕುವ ಮನೆಗಳನ್ನೂ ನೆನೆಯಿರಿ. ಪರೀಕ್ಷೆಯ ಖರ್ಚು ಅವರ ತಲೆಗೆ ಕಟ್ಟಬೇಡಿ, ನೀರು ಬಿಡುವ ಕಾರ್ಖಾನೆಯವರ ಹತ್ತಿರ ವಸೂಲು ಮಾಡಿ.