ಸ್ಪಷ್ಟನೆ: ನಡೆಯುವ ಹ್ಯಾಂಡ್‌ಫಿಶ್ ನಮ್ಮ ಪೂರ್ವಜ ಅಲ್ಲ

‘ನೀರಿನಿಂದ ನೆಲಕ್ಕೆ ಬಂದ ಮೊದಲ ಪ್ರಾಣಿ ಇದೇ’ ಎಂದು ಸಮುದ್ರದ ತಳದಲ್ಲಿ ನಡೆಯುವ ಮೀನಿನ ವಿಡಿಯೊ ಹರಿದಾಡುತ್ತಿದೆ. ವಿಡಿಯೊ ನಿಜ, ಬರಹ ತಪ್ಪು.

ಅದು ಆಸ್ಟ್ರೇಲಿಯಾದ ಹ್ಯಾಂಡ್‌ಫಿಶ್. ಈ ಕುಟುಂಬದ ಹೆಚ್ಚಿನ ಮೀನುಗಳು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪದ ಸುತ್ತಲಿನ ತಂಪು ನೀರಿನಲ್ಲಿವೆ. ಇವು ಆಂಗ್ಲರ್ ಮೀನುಗಳ (ತಲೆಯ ಮೇಲೆ ಗಾಳದಂಥ ಅಂಗವಿರುವ ಮೀನುಗಳು) ಬಳಗಕ್ಕೆ ಸೇರಿದವು. ಬೆನ್ನುಮೂಳೆಯಿರುವ ನೆಲದ ಪ್ರಾಣಿಗಳು ಬಂದದ್ದು ಮೀನುಗಳ ಬೇರೆಯೇ ಗುಂಪಿನಿಂದ, ಸುಮಾರು 37 ಕೋಟಿ ವರ್ಷಗಳ ಹಿಂದೆ. ಈಗಲೂ ಇರುವ ಮೀನುಗಳಲ್ಲಿ ಲಂಗ್‌ಫಿಶ್ (ಶ್ವಾಸಕೋಶವಿರುವ ಮೀನು), ಸೀಲಕಾಂತ್ (ಆಳ ಸಮುದ್ರದ ಮೀನು) ಆ ಗುಂಪಿಗೆ ಹತ್ತಿರದವು. ಹ್ಯಾಂಡ್‌ಫಿಶ್‌ನ ‘ಕೈ’ ಬೇರೆಯಾಗಿ ಬೆಳೆದ ಈಜುರೆಕ್ಕೆ, ಅಷ್ಟೇ. ನೋಡಲು ಒಂದೇ ಥರ ಇದ್ದರೆ ನೆಂಟರು ಅಂತ ಆಗಲ್ಲ, ಅಲ್ವಾ?

ನಿಜಕ್ಕೂ ಹಂಚಿಕೊಳ್ಳಬೇಕಾದ ಸಂಗತಿ ಬೇರೆ ಇದೆ. ಹೆಚ್ಚಿನ ಸಮುದ್ರ ಮೀನುಗಳ ಮರಿಗಳು ನೀರಿನ ಹರಿವಿನ ಜೊತೆ ದೂರ ತೇಲಿ ಹೋಗುತ್ತವೆ. ಆದರೆ ಹ್ಯಾಂಡ್‌ಫಿಶ್‌ಗಳ ಒಂದು ಜಾತಿಯಾದ ಚುಕ್ಕೆ ಹ್ಯಾಂಡ್‌ಫಿಶ್ ಸಮುದ್ರದ ತಳಕ್ಕೆ ಅಂಟಿಕೊಂಡ ಜೀವಿಗಳ ಕಾಂಡಕ್ಕೆ ಮೊಟ್ಟೆ ಅಂಟಿಸಿ ಕಾಯುತ್ತದೆ. ಮರಿಗಳು ಪೂರ್ತಿ ರೂಪುಗೊಂಡ ಪುಟ್ಟ ಮೀನುಗಳಾಗಿಯೇ ಹೊರಬಂದು ಅಲ್ಲೇ ಉಳಿಯುತ್ತವೆ. ಹಾಗಾಗಿ ಒಂದು ಜಾಗ ಹಾಳಾದರೆ ಅಲ್ಲಿಗೆ ಬೇರೆ ಕಡೆಯಿಂದ ಮೀನು ಬರುವುದು ತೀರಾ ಕಷ್ಟ. ಇನ್ನೊಂದು ಜಾತಿಯಾದ ಕೆಂಪು ಹ್ಯಾಂಡ್‌ಫಿಶ್ ಈಗ ಬಂಡೆಗಳಿರುವ ಕೆಲವೇ ಸಣ್ಣ ತಾಣಗಳಲ್ಲಿ ಉಳಿದಿದೆ. 2024ರ ಆರಂಭದಲ್ಲಿ ಸಮುದ್ರ ಬಿಸಿಯಾದಾಗ ವಿಜ್ಞಾನಿಗಳು 25 ಮೀನುಗಳನ್ನು ಹಿಡಿದು ತೊಟ್ಟಿಗಳಲ್ಲಿ ಕಾಪಾಡಬೇಕಾಯಿತು.

ದಯವಿಟ್ಟು ಆ ವಿಡಿಯೊವನ್ನು ಸರಿಯಾದ ಮಾಹಿತಿಯ ಜೊತೆ ಹಂಚಿ.